‘1899’: ಡಬ್ಬಿಂಗ್ ಹಾಕಿಕೊಂಡು ಮಾತ್ರ ನೋಡಬೇಡಿ

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ. ‘1899’ ಸರಣಿಯ ಮೊದಲ ಎರಡು ಕಂತನ್ನು ನಾನು ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ನೋಡಿದೆ. ಬೇಕಂತ ಅಲ್ಲ. ರಾತ್ರಿ ಹತ್ತೂವರೆಗೆ ಸೋಫಾ ಮೇಲೆ ಬಿದ್ದುಕೊಂಡು ರಿಮೋಟ್ ಒತ್ತಿದೆ. ಯಾವುದೋ ಧ್ವನಿ ಶುರುವಾಯಿತು. ಹಾಗೇ ಬಿಟ್ಟೆ.

ಹಡಗಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಿದ್ದರು. ಒಬ್ಬಳು ಏನೋ ಕೇಳುತ್ತಾಳೆ, ಎದುರಿಗಿದ್ದವನು ಮಿಕಮಿಕ ನೋಡುತ್ತಾನೆ. ಅವಳ ಬಾಯಲ್ಲೂ ಇಂಗ್ಲಿಷ್, ಇವನ ಬಾಯಲ್ಲೂ ಇಂಗ್ಲಿಷ್. ಆದರೂ ಒಬ್ಬರ ಮಾತು ಒಬ್ಬರಿಗೆ ತಲುಪುತ್ತಿಲ್ಲ. ನಾನು ಸುಮ್ನೆ ಒಂದು ಸಿದ್ಧಾಂತ ಕಟ್ಟಿಕೊಂಡೆ. ಇದು ವೈಜ್ಞಾನಿಕ ಕತೆ ಅಲ್ವಾ, ಕುಡಿಯುವ ನೀರಿನಲ್ಲಿ ಏನೋ ಬೆರೆಸಿದ್ದಾರೆ, ಜನಕ್ಕೆ ಮಾತು ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ, ಮುಂದೆ ಎಲ್ಲಾದರೂ ಬಿಡಿಸಿ ಹೇಳುತ್ತಾರೆ ಅಂದುಕೊಂಡೆ. ಎರಡು ಗಂಟೆ ಈ ಸಿದ್ಧಾಂತದ ಮೇಲೇ ನಡೆಯಿತು ನನ್ನ ಬಂಡಿ.

ಮೂರನೇ ಕಂತಿಗೆ ಮುಂಚೆ ಧ್ವನಿಯ ಪಟ್ಟಿ ತೆರೆದು ನೋಡಿದೆ. ‘ಒರಿಜಿನಲ್’ ಅಂತ ಗುರುತು ಹಾಕಿದ ಆಯ್ಕೆ ಅಲ್ಲೇ ಇತ್ತು. ಒತ್ತಿದೆ. ನೀರಿಗೂ ಏನೂ ಬೆರೆಸಿಲ್ಲ, ಯಾರ ತಲೆಯೂ ಕೆಟ್ಟಿಲ್ಲ. ಒಬ್ಬಳು ಡೇನಿಷ್ ಮಾತಾಡುತ್ತಿದ್ದಳು, ಇನ್ನೊಬ್ಬ ಪೋಲಿಷ್. ಅಷ್ಟೇ.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಅಮ್ಮನನ್ನೂ ಪಕ್ಕಕ್ಕೆ ಕೂರಿಸಿಕೊಂಡೆ. ಈ ವಿಮರ್ಶೆಯಲ್ಲಿ ಅರ್ಧ ಅವಳದ್ದೇ.

ನೋಡದವರಿಗೆ ಚಿಕ್ಕದಾಗಿ ಹೇಳುತ್ತೇನೆ. ‘ಡಾರ್ಕ್’ ಮಾಡಿದ ಜರ್ಮನ್ ಜೋಡಿ ಬಾರನ್ ಬೊ ಓಡರ್ ಮತ್ತು ಯಾಂಟ್ಯೆ ಫ್ರೀಸೆ ಅವರ ಸರಣಿ ಇದು. ನೆಟ್‌ಫ್ಲಿಕ್ಸ್‌ನಲ್ಲಿ 2022ರ ನವೆಂಬರ್ 17ಕ್ಕೆ ಬಂತು. ಎಂಟು ಕಂತು. 1899ರಲ್ಲಿ ಕೆರ್ಬೆರೋಸ್ ಎಂಬ ಹಡಗು ಯೂರೋಪಿನಿಂದ ನ್ಯೂಯಾರ್ಕಿಗೆ ಹೊರಟಿದೆ. ಅದೇ ಕಂಪನಿಯ ಇನ್ನೊಂದು ಹಡಗು ಪ್ರೊಮೀಥಿಯಸ್ ನಾಲ್ಕು ತಿಂಗಳ ಹಿಂದೆ ನಡುಸಮುದ್ರದಲ್ಲಿ ಕಾಣೆಯಾಗಿದೆ. ಈಗ ಆ ಕಡೆಯಿಂದ ಸಂದೇಶ ಬರುತ್ತದೆ. ಕ್ಯಾಪ್ಟನ್ ಹಡಗು ತಿರುಗಿಸುತ್ತಾನೆ. ಅಲ್ಲಿಂದ ಮುಂದೆ ಒಂದೂ ನೆಟ್ಟಗಿಲ್ಲ.

ಹಡಗಿನಲ್ಲಿ ಇರುವವರನ್ನು ನೋಡಿ. ಡಾಕ್ಟರ್ ಮೋರಾ ಇಂಗ್ಲಿಷಿನವಳು. ಕ್ಯಾಪ್ಟನ್ ಐಕ್ ಜರ್ಮನ್. ಕೆಳಗೆ ಕಲ್ಲಿದ್ದಲು ತುಂಬುವ ಓಲೆಕ್ ಪೋಲೆಂಡಿನವನು. ಬಡ ದರ್ಜೆಯಲ್ಲಿ ಒಂದು ಡೇನಿಷ್ ಕುಟುಂಬ. ಮೇಲಿನ ದರ್ಜೆಯಲ್ಲಿ ಹೊಸದಾಗಿ ಮದುವೆಯಾದ ಫ್ರೆಂಚ್ ಗಂಡ ಹೆಂಡತಿ. ಸ್ಪೇನಿನ ಆಂಖೆಲ್, ಅವನ ಜೊತೆಗೆ ಪಾದ್ರಿಯ ಬಟ್ಟೆ ತೊಟ್ಟ ಪೋರ್ಚುಗಲ್‌ನ ರಮೀರೊ. ಕಿಮೋನೊ ಉಟ್ಟ ಲಿಂಗ್ ಯಿ, ಅವಳ ಜೊತೆಗೊಬ್ಬಳು ಹಿರಿಯ ಹೆಂಗಸು. ಲೆಕ್ಕ ಹಾಕಿದರೆ ಎಂಟು ಭಾಷೆ ಆಗುತ್ತದೆ. ನಟರು ತಂತಮ್ಮ ಭಾಷೆಯಲ್ಲೇ ನಟಿಸಿದ್ದಾರೆ. ಪೋಲಿಷ್ ಪಾತ್ರಕ್ಕೆ ಪೋಲೆಂಡಿನ ನಟ, ಡೇನಿಷ್ ಪಾತ್ರಕ್ಕೆ ಡೆನ್ಮಾರ್ಕಿನವರು. ಇಂಗ್ಲಿಷಿನ ನಟನೊಬ್ಬ ನಾಲಿಗೆ ತಿರುಚಿಕೊಂಡು ಜರ್ಮನ್ ಆಗುವ ಕಸರತ್ತು ಇಲ್ಲಿಲ್ಲ.

ಇನ್ನು ಅಮ್ಮನ ವಿಷಯ. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವಳಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಆದರೆ ಬಂದು ಹೋಗುವ ಸಣ್ಣ ಅಕ್ಷರ ಆಗುವುದಿಲ್ಲ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ. ಹಾಗಾಗಿ ನಾನೇ ಅವಳ ಸಬ್‌ಟೈಟಲ್. ಪರದೆ ಮೇಲೆ ಬಂದದ್ದನ್ನು ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋಗಬೇಕು. ಎರಡು ಸಾಲು ಅಕ್ಷರ ಎರಡು ಮೂರು ಸೆಕೆಂಡಿಗೆ ಮಾಯ. ಅಷ್ಟರಲ್ಲಿ ಓದಿ, ಕನ್ನಡ ಮಾಡಿ, ಬಾಯಿಂದ ಹೊರಗೆ ಹಾಕಬೇಕು. ಮೊದಲ ಕಂತು ಮುಗಿಯುವ ಹೊತ್ತಿಗೆ ಗಂಟಲು ಒಣಗಿತ್ತು.

ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅಮ್ಮ ಪ್ರತಿ ಸಲ ಒಂದೇ ಪ್ರಶ್ನೆ ಹಾಕುತ್ತಿದ್ದಳು.

‘ಅದು ಸರಿ ಕಣೇ. ಇವನು ಈಗ ಮಾತಾಡಿದ್ದು ಯಾವ ಭಾಷೆ? ಆ ಹುಡುಗಿಗೆ ಅರ್ಥ ಆಯ್ತಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ನೋಡುತ್ತಿದ್ದ ಸಬ್‌ಟೈಟಲ್‌ನಲ್ಲಿ ಜರ್ಮನ್ ಮಾತೂ ಬಿಳಿ ಅಕ್ಷರ, ಡೇನಿಷ್ ಮಾತೂ ಬಿಳಿ ಅಕ್ಷರ. ಎರಡೂ ಒಂದೇ ಇಂಗ್ಲಿಷ್. ಕಣ್ಣು ಕೆಳಗಿನ ಸಾಲಿನ ಮೇಲೆ ನೆಟ್ಟಿದ್ದರಿಂದ ನನ್ನ ಕಿವಿ ಕೆಲಸವನ್ನೇ ನಿಲ್ಲಿಸಿತ್ತು. ಅಮ್ಮನಿಗೆ ಆ ಸಾಲು ಇಲ್ಲ. ಅವಳಿಗೆ ಇದ್ದದ್ದು ಮುಖ ಮತ್ತು ದನಿ ಮಾತ್ರ. ಎರಡನೇ ಕಂತಿನ ಹೊತ್ತಿಗೆ ಅವಳೇ ಹೆಸರಿಟ್ಟುಬಿಟ್ಟಿದ್ದಳು. ಜರ್ಮನ್ ‘ಗದರಿಸೋದು’. ಫ್ರೆಂಚ್ ‘ಮೂಗಿಂದು’. ಪೋಲಿಷ್ ‘ಶ್ ಶ್ ಅನ್ನೋದು’. ಡೇನಿಷ್ ಅಂದರೆ ‘ಬಾಯಿ ತುಂಬ ಏನೋ ಇಟ್ಕೊಂಡು ಮಾತಾಡೋರದ್ದು’. ಡೆನ್ಮಾರ್ಕಿನವರು ಕ್ಷಮಿಸಬೇಕು.

ಮೂರನೇ ಕಂತಿನಿಂದ ಅವಳು ನನಗೆ ಹೇಳಿಕೊಡಲು ಶುರು ಮಾಡಿದಳು. ‘ಇವಳದ್ದು ಅವನಿಗೆ ತಿಳೀಲಿಲ್ಲ ನೋಡು. ಸುಮ್ನೆ ತಲೆ ಆಡಿಸ್ತಾ ಇದಾನೆ.’ ಹಿಂದಕ್ಕೆ ಹೋಗಿ ನೋಡಿದೆ. ಹೌದು. ನಟ ತಲೆ ಆಡಿಸುವುದರಲ್ಲೇ ಅದು ಇತ್ತು. ಅರ್ಥವಾಗದೆ ತಲೆ ಆಡಿಸುವವನ ಕಣ್ಣು ಎದುರಿನವರ ಬಾಯಿಯ ಮೇಲಿರುತ್ತದೆ, ಅರ್ಥವಾದವನದ್ದು ಕಣ್ಣಿನ ಮೇಲೆ. ಇದನ್ನು ನಾನು ಎರಡು ಕಂತು ಪೂರ್ತಿ ತಪ್ಪಿಸಿಕೊಂಡಿದ್ದೆ.

ಈ ಸರಣಿಯ ನಿಜವಾದ ಸರಕು ಇದೇ. ಪಿರಮಿಡ್ಡು, ಜೀರುಂಡೆ, ಹಾಸಿಗೆ ಕೆಳಗಿನ ಸುರಂಗ, ಅವೆಲ್ಲ ಇದ್ದೇ ಇವೆ. ಚೆನ್ನಾಗಿಯೂ ಇವೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಮಾತು ಗೊತ್ತಿಲ್ಲದ ಇಬ್ಬರು ಒಂದು ಕೋಣೆಯಲ್ಲಿ ಸಿಕ್ಕಿಕೊಂಡಾಗ ಆಗುವುದು.

ಮೊದಲ ಕಂತಿನಲ್ಲೇ ಒಂದು ಸಂದರ್ಭ ಇದೆ. ಡೇನಿಷ್ ಕುಟುಂಬದ ಮಗಳು ಟೋವ ಗರ್ಭಿಣಿ. ಅವಳಿಗೆ ಕಷ್ಟ ಆಗುತ್ತದೆ. ಅವಳ ಒಡಹುಟ್ಟಿದವನು ಕ್ರೆಸ್ಟರ್ ಡಾಕ್ಟರನ್ನು ಹುಡುಕಿಕೊಂಡು ಶ್ರೀಮಂತರ ಊಟದ ಹಾಲಿಗೆ ನುಗ್ಗುತ್ತಾನೆ. ಮೋರಾ ಅವನ ಹಿಂದೆ ಇಳಿದು ಹೋಗುತ್ತಾಳೆ. ಅವಳಿಗೆ ಡೇನಿಷ್ ಬಾರದು, ಟೋವಳಿಗೆ ಇಂಗ್ಲಿಷ್ ಬಾರದು. ಹೊಟ್ಟೆಯ ಮೇಲೆ ಕೈ ಇಡಬೇಕು. ಎಲ್ಲಿ ನೋವು ಅಂತ ಕೇಳುವ ಹಾಗಿಲ್ಲ, ಹೆದರಬೇಡ ಅನ್ನುವ ಹಾಗೂ ಇಲ್ಲ. ಆ ತಾಯಿ ಮುಖ ನೋಡಬೇಕು. ಡಬ್ಬಿಂಗ್‌ನಲ್ಲಿ ನೋಡಿದಾಗ ಮೋರಾ ಯಾಕೆ ಇಷ್ಟು ಒರಟು, ಒಂದು ಮಾತು ಹೇಳಿ ಮುಟ್ಟಬಾರದಾ ಅಂದುಕೊಂಡಿದ್ದೆ. ಒರಟೇನೂ ಅಲ್ಲ. ಅವಳ ಹತ್ತಿರ ಮಾತೇ ಇರಲಿಲ್ಲ.

ಲಿಂಗ್ ಯಿಯ ವಿಷಯದಲ್ಲಿ ನಾನು ಮೋಸ ಹೋದದ್ದನ್ನೂ ಹೇಳಬೇಕು. ಅವಳು ಜಪಾನಿನ ಗೇಷಾ, ಅಂದರೆ ಹಾಡಿ ಕುಣಿದು ರಂಜಿಸುವ ಕಲಾವಿದೆ, ಅಂತ ಹಡಗಿನವರೆಲ್ಲ ನಂಬಿದ್ದಾರೆ. ಬಟ್ಟೆ ಹಾಗಿದೆ. ಬಾಯಿ ಬಿಟ್ಟರೆ ಚೀನಾದ ಕ್ಯಾಂಟನೀಸ್. ಜಪಾನೀ ಗೊತ್ತಿರುವವರು, ಚೀನೀ ಗೊತ್ತಿರುವವರು ಮೊದಲ ಮಾತಿಗೇ ಹಿಡಿದಿರುತ್ತಾರೆ. ನನ್ನ ಕಿವಿಗೆ ಎರಡೂ ಒಂದೇ. ಹಡಗಿನ ಜನರ ಹಾಗೆ ನಾನೂ ಬಟ್ಟೆ ನೋಡಿ ನಂಬಿಬಿಟ್ಟೆ. ಒಂದೇ ದೃಶ್ಯವನ್ನು ಒಬ್ಬರು ಗುಟ್ಟು ಅಂತ ನೋಡುತ್ತಾರೆ, ಇನ್ನೊಬ್ಬರು ಬಯಲಾದ ಗುಟ್ಟು ಅಂತ ನೋಡುತ್ತಾರೆ. ಯಾವ ಭಾಷೆ ಗೊತ್ತು ಅನ್ನುವುದರ ಮೇಲೆ ಕತೆಯೇ ಬೇರೆ ಆಗುವುದನ್ನು ನಾನು ಇದಕ್ಕೆ ಮುಂಚೆ ನೋಡಿರಲಿಲ್ಲ. ಡಬ್ಬಿಂಗ್‌ನಲ್ಲಿ ಈ ಸುಖ ಯಾರಿಗೂ ಇಲ್ಲ.

ಇದಕ್ಕೆ ಉಲ್ಟಾ ಆ ಫ್ರೆಂಚ್ ದಂಪತಿ. ಲೂಸಿಯೆನ್, ಕ್ಲೆಮಾನ್ಸ್. ಒಂದೇ ಭಾಷೆ, ಒಂದೇ ಕೋಣೆ, ಹೊಸ ಮದುವೆ. ಇಬ್ಬರ ನಡುವೆ ಹೇಳದೆ ಇಟ್ಟದ್ದೇ ಜಾಸ್ತಿ. ಹಡಗಿಗೆ ಕದ್ದು ಹತ್ತಿದ ಜೆರೋಮ್ ಕೂಡ ಫ್ರೆಂಚ್ ಮಾತಾಡುವವನೇ, ಅವನಿಗೂ ಲೂಸಿಯೆನ್‌ಗೂ ಹಳೆಯ ಲೆಕ್ಕ ಇದೆ. ಅತ್ತ ಅದೇ ಜೆರೋಮ್ ಮತ್ತು ಓಲೆಕ್ ನಡುವೆ ಒಂದು ಪದವೂ ಸಮಾನ ಇಲ್ಲ, ಆದರೂ ಕಲ್ಲಿದ್ದಲಿನ ಧೂಳಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಆಗುತ್ತಾರೆ. ಅಮ್ಮ ಲೂಸಿಯೆನ್‌ನನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಸಬ್‌ಟೈಟಲ್ ಬಗ್ಗೆ ನನಗೊಂದು ತಕರಾರು ಇದೆ. ಡಬ್ಬಿಂಗ್‌ಗಿಂತ ಅದು ಎಷ್ಟೋ ಮೇಲು, ಅದರಲ್ಲಿ ಮಾತಿಲ್ಲ. ಆದರೆ ಹಡಗಿನಲ್ಲಿ ಯಾರಿಗೂ ಎಲ್ಲರ ಮಾತು ಗೊತ್ತಿಲ್ಲ, ನನಗೆ ಮಾತ್ರ ಗೊತ್ತು. ಓಲೆಕ್ ಹೇಳಿದ್ದೂ ಗೊತ್ತು, ಲಿಂಗ್ ಯಿ ಹೇಳಿದ್ದೂ ಗೊತ್ತು. ಅವರ ಒದ್ದಾಟವನ್ನು ಮೇಲೆ ಕೂತು ನೋಡುವ ದೇವರು ನಾನು. ಆ ಹಡಗಿನ ಕತ್ತಲೆ ನನಗೆ ತಾಗುವುದೇ ಇಲ್ಲ.

ಅದಕ್ಕೆ ಎರಡನೇ ಸಲ ನೋಡುವಾಗ ಒಂದು ಪ್ರಯೋಗ ಮಾಡಿದೆ. ಓಲೆಕ್, ಲಿಂಗ್ ಯಿ ಇಬ್ಬರೇ ಇರುವ ಜಾಗ ಬಂದಾಗ ಅಕ್ಷರ ಆಫ್ ಮಾಡಿದೆ. ಅಸಲು ಇದನ್ನು ಶುರು ಮಾಡಿದ್ದು ನಾನಲ್ಲ, ಅಮ್ಮ. ಮೊದಲ ಸಲ ನೋಡುವಾಗಲೇ, ಇಬ್ಬರೂ ಒಟ್ಟಿಗೆ ಇದ್ದು ತಂತಮ್ಮ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ನಾನು ಎಂದಿನ ಹಾಗೆ ಕನ್ನಡ ಮಾಡಲು ಬಾಯಿ ತೆರೆದೆ. ಅಮ್ಮ ನನ್ನ ಮೊಣಕಾಲ ಮೇಲೆ ಕೈ ಇಟ್ಟು ಒತ್ತಿದಳು.

‘ಸ್ವಲ್ಪ ಸುಮ್ನಿರ್ತೀಯಾ? ಅವರಿಗೇ ಗೊತ್ತಾಗ್ತಿಲ್ಲ. ನಮಗ್ಯಾಕೆ?’

ನಾನು ಸುಮ್ಮನಾದೆ. ದೃಶ್ಯ ಮುಗಿಯಿತು. ಹುಡುಗ ಏನು ಹೇಳಿದ ಅಂತ ಅವಳು ಆಮೇಲೂ ಕೇಳಲಿಲ್ಲ. ನಾನು ಮಾತ್ರ ಕದ್ದು ಓದಿಕೊಂಡಿದ್ದೆ. ನಾಚಿಕೆ ಆಯಿತು ಅಂದರೆ ಜಾಸ್ತಿ ಆಗುತ್ತದೆ, ಆದರೆ ಯಾರದ್ದೋ ಕಾಗದ ಓದಿದ ಹಾಗಂತೂ ಅನಿಸಿತು.

ಅಕ್ಷರ ಆಫ್ ಮಾಡಿ ನೋಡಿದಾಗ ಆ ದೃಶ್ಯ ಉದ್ದವಾಗುತ್ತದೆ. ಗಡಿಯಾರದಲ್ಲಿ ಅಲ್ಲ. ನೀವು ಕೈ ನೋಡುತ್ತೀರಿ, ಉಸಿರು ಕೇಳುತ್ತೀರಿ, ಮಾತು ಎಲ್ಲಿ ನಿಂತಿತು ಅಂತ ಗಮನಿಸುತ್ತೀರಿ. ಇಡೀ ಸರಣಿ ಹೀಗೆ ನೋಡಿ ಅನ್ನುವುದಿಲ್ಲ, ತಲೆ ಕೆಡುತ್ತದೆ. ಇಬ್ಬರೇ ಇರುವ ಜಾಗಗಳಲ್ಲಿ ಮಾಡಿ ನೋಡಿ.

ಹಡಗಿನಲ್ಲಿ ಇನ್ನೊಬ್ಬ ಇದ್ದಾನೆ. ಪ್ರೊಮೀಥಿಯಸ್‌ನಲ್ಲಿ ಸಿಗುವ ಪುಟ್ಟ ಹುಡುಗ. ಶುರುವಿನ ಕಂತುಗಳಲ್ಲಿ ಅವನು ಮಾತೇ ಆಡುವುದಿಲ್ಲ. ಇಷ್ಟೊಂದು ಭಾಷೆಯ ಗಲಾಟೆಯ ಮಧ್ಯೆ ಒಂದು ಬಾಯಿ ಮುಚ್ಚಿದೆ. ಆ ಮೌನದೊಳಗೆ ಎಲ್ಲರೂ ತಂತಮ್ಮ ಭಯ ತುಂಬಿಕೊಳ್ಳುತ್ತಾರೆ. ದಂಗೆ ಏಳುವ ಜನ ಆ ಮಗುವನ್ನು ಸಮುದ್ರಕ್ಕೆ ಎಸೆಯುವವರೆಗೂ ಹೋಗುತ್ತಾರೆ. ತಿಳಿಯದ ಭಾಷೆ ಮಾತಾಡುವವನನ್ನು ಹೇಗೋ ಸಹಿಸಿಕೊಂಡಾರು, ಮಾತೇ ಆಡದವನನ್ನು ಸಹಿಸಲು ಅವರಿಂದ ಆಗಲಿಲ್ಲ. ನಾಲ್ಕನೇ ಕಂತು ಅದು. ಅವತ್ತು ಅಮ್ಮ ಅರ್ಧಕ್ಕೆ ಎದ್ದು ಹೋದಳು. ಮಾರನೇ ದಿನ ಅಲ್ಲಿಂದಲೇ ಮುಂದುವರಿಸಿದೆವು.

ಇನ್ನು ಬೈಗುಳ. ಮುಂದಿನದ್ದರಲ್ಲಿ ಕತೆಯ ಗುಟ್ಟು ಇದೆ. ನೋಡುವ ಆಸೆ ಇರುವವರು ಎರಡು ಪ್ಯಾರಾ ಹಾರಿಸಿ.

ಹಡಗು ನಿಜವಾದ ಹಡಗಲ್ಲ. ಕಂಪ್ಯೂಟರಿನೊಳಗಿನ ಲೋಕ. ಕೊನೆಗೆ ಮೋರಾ ಕಣ್ಣು ಬಿಟ್ಟಾಗ 2099ನೇ ಇಸವಿ. ಪ್ರೊಮೀಥಿಯಸ್ ಅನ್ನುವುದು ಅಂತರಿಕ್ಷ ನೌಕೆಯ ಹೆಸರು. ಉಳಿದವರೆಲ್ಲ ನಿದ್ದೆಯಲ್ಲಿದ್ದಾರೆ. ಒಳ್ಳೆಯ ತಿರುವು. ಆದರೆ ನನಗೆ ತಲೆಯಲ್ಲಿ ಕೊರೆದದ್ದು ಬೇರೆ. ಸಮುದ್ರ ಸೃಷ್ಟಿಸಬಲ್ಲ, ನೆನಪು ಅಳಿಸಬಲ್ಲ, ಇಡೀ ಹಡಗನ್ನು ಮತ್ತೆ ಮತ್ತೆ ಶುರು ಮಾಡಬಲ್ಲ ಯಂತ್ರ ಅದು. ಅದಕ್ಕೆ ಎಲ್ಲರ ಕಿವಿಗೂ ಒಂದೇ ಭಾಷೆ ಕೇಳಿಸುವುದು ಕಷ್ಟವಾ? ಹೆಸರು, ಊರು, ಹಿಂದಿನ ಬದುಕು ಎಲ್ಲ ಸುಳ್ಳು ಅನ್ನುವ ಕಡೆ ಭಾಷೆ ಮಾತ್ರ ಯಾಕೆ ಉಳಿಯಿತು? ಅಳಿಸಲು ಆಗಲಿಲ್ಲವೋ, ಒಬ್ಬರಿಗೊಬ್ಬರು ಗುಟ್ಟು ಹೇಳಿಕೊಳ್ಳಬಾರದು ಅಂತ ಬೇಕಂತಲೇ ಬಿಟ್ಟರೋ? ಜನರನ್ನು ಬೇರೆ ಬೇರೆ ಇಡಲು ಗೋಡೆಗಿಂತ ಅಗ್ಗದ ದಾರಿ ಅದು. ಸರಣಿ ಈ ಪ್ರಶ್ನೆಯ ಹತ್ತಿರವೇ ಸುಳಿಯುವುದಿಲ್ಲ.

ಇದಕ್ಕಿಂತ ದೊಡ್ಡ ದೂರು ಇದು. ಹಡಗಿನ ಕೀಲಿ ಯಾರ ಕೈಯಲ್ಲಿದೆ ಅಂತ ನೋಡಿ. ಮೋರಾ, ಅವಳ ಗಂಡ ಡೇನಿಯಲ್, ಮಗ ಎಲಿಯಟ್ (ಮಾತಾಡದ ಆ ಪುಟ್ಟ ಹುಡುಗನೇ ಇವನು), ಅಪ್ಪ ಹೆನ್ರಿ. ನಾಲ್ವರೂ ಇಂಗ್ಲಿಷ್. ಜರ್ಮನ್ ಕ್ಯಾಪ್ಟನ್ ಗುಟ್ಟಿನ ಹತ್ತಿರ ಬರಬೇಕಾದರೆ ಮೋರಾಳ ಜೊತೆ ಇಂಗ್ಲಿಷಿಗೆ ಬರಬೇಕು. ಉಳಿದ ಭಾಷೆಯವರ ಪಾಲಿಗೆ ಬಂದದ್ದು ಕಣ್ಣೀರು, ಹಳೆಯ ಪಾಪ ಮತ್ತು ಸಾವು. ಯಂತ್ರ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಒಬ್ಬನೂ ಪೋಲಿಷ್‌ನಲ್ಲಿ ಹೇಳುವುದಿಲ್ಲ, ಕ್ಯಾಂಟನೀಸ್‌ನಲ್ಲಿ ಹೇಳುವುದಿಲ್ಲ. ಎಂಟು ಭಾಷೆಗೂ ಮೇಜಿನ ಸುತ್ತ ಕುರ್ಚಿ ಹಾಕಿ, ಲೆಕ್ಕದ ಪುಸ್ತಕ ಮಾತ್ರ ಒಬ್ಬರ ಮುಂದೆ ಇಟ್ಟ ಹಾಗೆ. ಮಾಡಿದವರು ಜರ್ಮನ್ನರು ಅನ್ನುವುದು ಇನ್ನೂ ವಿಚಿತ್ರ.

ಇನ್ನೊಂದು ಕೊರತೆ ಚಿಕ್ಕದು, ಆದರೆ ಕಿರಿಕಿರಿ. ಇಷ್ಟು ದಿನ ಒಟ್ಟಿಗೆ ಇದ್ದೂ ಇವರಲ್ಲಿ ಹೆಚ್ಚಿನವರು ಒಬ್ಬರ ಭಾಷೆಯ ಒಂದು ಪದ ಕಲಿಯುವುದಿಲ್ಲ. ನೀರು, ಬಾ, ಬೇಡ, ನಿಲ್ಲು. ಇಷ್ಟಾದರೂ? ನಿಜ ಜೀವನದಲ್ಲಿ ಮೊದಲ ದಿನವೇ ನಾಲ್ಕು ಪದ ಬಂದಿರುತ್ತದೆ, ಅದರಲ್ಲಿ ಎರಡು ಬೈಗುಳ ಇರುತ್ತದೆ. ಇಲ್ಲಿ ಅದರ ಬದಲು ಎಲ್ಲರೂ ಅರ್ಥವಾಗದವರ ಮುಂದೆ ಕೂತು ಎದೆಯ ಭಾರ ಇಳಿಸುತ್ತಾರೆ. ಒಂದು ಸಲ ಚಂದ. ಎರಡನೇ ಸಲ ಸರಿ. ಆಮೇಲೆ ಯಾರಾದರೂ ಉಸಿರು ಎಳೆದುಕೊಂಡು ಕೂತರೆ ಸಾಕು, ಅಮ್ಮ ‘ಶುರು ಆಯ್ತು’ ಅನ್ನುತ್ತಿದ್ದಳು.

ಇಷ್ಟು ಬೈದ ಮೇಲೂ ಇದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಯಾಕೆಂದರೆ ವೈಜ್ಞಾನಿಕ ಕತೆಗಳಲ್ಲಿ ಭಾಷೆಯ ತೊಂದರೆಯನ್ನು ಸಾಮಾನ್ಯವಾಗಿ ಬಾಗಿಲಲ್ಲೇ ನಿಲ್ಲಿಸಿಬಿಡುತ್ತಾರೆ. ಒಂದು ಅನುವಾದ ಯಂತ್ರ ಇದೆ ಅನ್ನುತ್ತಾರೆ, ಮುಗಿಯಿತು. ಗ್ಯಾಲಕ್ಸಿಯ ಆ ಕೊನೆಯವನೂ ಇಂಗ್ಲಿಷ್ ಮಾತಾಡುತ್ತಾನೆ. ‘ಸೆನ್ಸ್8’ನಲ್ಲಿ ಎಂಟು ಜನ ಇದ್ದರು. ಸೋಲ್, ಬರ್ಲಿನ್, ಮುಂಬೈ, ನೈರೋಬಿ, ಮೆಕ್ಸಿಕೊ ಸಿಟಿ, ಹೀಗೆ ದಿಕ್ಕಿಗೊಬ್ಬರು. ಎಂಟು ಮನಸ್ಸೂ ಒಂದಕ್ಕೊಂದು ಬೆಸೆದುಕೊಂಡಿವೆ ಅನ್ನುವುದು ಕತೆ. ಚಂದದ ಕತೆ. ಆದರೆ ಸೋಲ್‌ನ ಜೈಲಿನಲ್ಲೂ ಇಂಗ್ಲಿಷ್, ಮುಂಬೈನ ಮದುವೆ ಮನೆಯಲ್ಲೂ ಇಂಗ್ಲಿಷ್. ಮನಸ್ಸು ಬೆಸೆಯುವ ಪವಾಡಕ್ಕೆ ಬೆಲೆಯೇ ಇಲ್ಲದ ಹಾಗಾಯಿತು. ಮೊದಲೇ ಎಲ್ಲರಿಗೂ ಒಂದೇ ಭಾಷೆ ಬಂದರೆ ಬೆಸೆಯಲು ಉಳಿದದ್ದೇನು?

ಅನ್ಯಗ್ರಹದವರಿಗೆ ಮಾತ್ರ ಈ ಬಡತನ ಇಲ್ಲ ನೋಡಿ. ‘ಸ್ಟಾರ್ ಟ್ರೆಕ್’ನ ಕ್ಲಿಂಗನ್ನರಿಗಾಗಿ ಮಾರ್ಕ್ ಓಕ್ರಾಂಡ್ ಎಂಬ ಭಾಷಾ ವಿಜ್ಞಾನಿ 1984ರ ಸಿನಿಮಾಕ್ಕೆ ವ್ಯಾಕರಣ ಸಮೇತ ಒಂದು ಭಾಷೆಯನ್ನೇ ಕಟ್ಟಿಕೊಟ್ಟರು. ಮನುಷ್ಯರದ್ದಲ್ಲ ಅನ್ನಿಸಬೇಕು ಅಂತ ಇಂಗ್ಲಿಷಿಗೆ ಅಪರೂಪದ ಸದ್ದುಗಳನ್ನು ಆರಿಸಿದರು. ಅದರಲ್ಲಿ ಎರಡು ಯಾವುವು ಗೊತ್ತಾ? ನಾಲಿಗೆ ಮಡಚಿ ಹೇಳುವ ನಮ್ಮ ‘ಡ’ ಮತ್ತು ‘ಷ’. ಅಮೆರಿಕದವರು ಬೆವರು ಸುರಿಸಿ ಕಲಿಯುವ ಆ ಅನ್ಯಗ್ರಹದ ಸದ್ದನ್ನು ನಾವು ದಿನಾ ‘ಹಾಡು’, ‘ವಿಷ’ ಅನ್ನುವಾಗ ಆಡುತ್ತಿದ್ದೇವೆ. ಇದನ್ನು ಅಮ್ಮನಿಗೆ ಹೇಳಿದಾಗ ಅವಳು ಎರಡು ಸಲ ‘ಡ, ಷ’ ಅಂದು ನಕ್ಕಳು.

ನನ್ನ ಪ್ರಕಾರ ಈ ಕೆಲಸವನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದ್ದು 1977ರ ‘ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್’. ಅಲ್ಲಿ ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೊ ಅವರೇ ವಿಜ್ಞಾನಿಯ ಪಾತ್ರ ಮಾಡಿದ್ದಾರೆ, ಫ್ರೆಂಚ್ ಮಾತಾಡುತ್ತಾರೆ. ಪಕ್ಕದಲ್ಲಿ ದುಭಾಷಿಯೊಬ್ಬ ಓಡಾಡುತ್ತಾನೆ. ಅವನ ನಿಜವಾದ ಕೆಲಸ ನಕ್ಷೆ ಬರೆಯುವುದು, ಫ್ರೆಂಚ್ ಬರುತ್ತದೆ ಅಂತ ಹಿಡಿದು ತಂದಿದ್ದಾರೆ. ಶುರುವಿನಲ್ಲೇ ಮೆಕ್ಸಿಕೊದ ಮರಳುಗಾಡಿನ ಮುದುಕನೊಬ್ಬ ಸ್ಪ್ಯಾನಿಷ್‌ನಲ್ಲಿ ತಾನು ಕಂಡದ್ದನ್ನು ಹೇಳುತ್ತಾನೆ. ಅದು ಇಂಗ್ಲಿಷಿಗೆ ಬರಬೇಕು, ಅಲ್ಲಿಂದ ಫ್ರೆಂಚಿಗೆ ಹೋಗಬೇಕು. ಗಾಳಿ ಬೇರೆ ಬೀಸುತ್ತಿದೆ, ಎಲ್ಲರೂ ಕೂಗುತ್ತಿದ್ದಾರೆ. ಸಿನಿಮಾದ ಕೊನೆಯಲ್ಲಿ ಬಾಹ್ಯಾಕಾಶದವರ ಜೊತೆ ಐದು ಸ್ವರಗಳಲ್ಲಿ ಮಾತಾಡುವುದಕ್ಕೆ ಇದೇ ತಯಾರಿ. ಮನುಷ್ಯ ಮನುಷ್ಯನ ನಡುವೆಯೇ ಇಷ್ಟು ಕಷ್ಟ ಇದೆ ಅಂತ ಮೊದಲು ತೋರಿಸಿದ್ದರಿಂದ ಆ ಕೊನೆ ನಿಲ್ಲುತ್ತದೆ. ದುಭಾಷಿಯ ಪಾಡು ನೋಡಿ ನನಗೆ ನನ್ನದೇ ನೆನಪಾಯಿತು, ಒಣಗಿದ ಗಂಟಲು ಸಮೇತ.

‘1899’ಕ್ಕೆ ಅಂಥದ್ದೊಬ್ಬ ದುಭಾಷಿ ಇದ್ದಿದ್ದರೆ ಅಂತ ಎಷ್ಟೋ ಸಲ ಅನಿಸಿತು. ಅಷ್ಟು ದೊಡ್ಡ ಹಡಗಿನಲ್ಲಿ ನಾಲ್ಕು ಭಾಷೆ ಬರುವ ಒಬ್ಬ ಅಡುಗೆಯವನೋ, ಸರ್ವರೋ ಇರದೇ ಇರುತ್ತಾನಾ? ಅವನನ್ನು ಒಳಗೆ ಬಿಟ್ಟಿದ್ದರೆ ಅವನೇ ಹಡಗಿನಲ್ಲಿ ಎಲ್ಲರಿಗಿಂತ ಅಪಾಯದ ಮನುಷ್ಯ ಆಗುತ್ತಿದ್ದ. ಯಾರ ಮಾತನ್ನು ಎಷ್ಟು ದಾಟಿಸಬೇಕು ಅನ್ನುವುದು ಅವನ ಕೈಯಲ್ಲಿ. ಬರೆಯುವವರು ಅದನ್ನು ಯೋಚಿಸಲಿಲ್ಲ ಅಂತ ನಂಬಲು ಕಷ್ಟ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಚಿತ್ರೀಕರಣ ಜರ್ಮನಿಯ ಬಾಬೆಲ್ಸ್‌ಬರ್ಗ್ ಸ್ಟುಡಿಯೊದಲ್ಲಿ, ದೊಡ್ಡ ಎಲ್‌ಇಡಿ ಪರದೆಗಳ ಮುಂದೆ. ಸಮುದ್ರ, ಆಕಾಶ ಹೆಚ್ಚಿನದೆಲ್ಲ ಪರದೆ ಮೇಲಿನದು. ಕತೆ ಗೊತ್ತಾದ ಮೇಲೆ ಆ ಸ್ವಲ್ಪ ಸುಳ್ಳು ಸುಳ್ಳಾದ ಸಮುದ್ರವೂ ಒಪ್ಪುತ್ತದೆ. ಬೆಳಕು ಮಾತ್ರ ತೀರಾ ಕಮ್ಮಿ. ಹಗಲು ಹೊತ್ತು ಕಿಟಕಿ ತೆರೆದು ನೋಡಿದರೆ ನಿಮ್ಮ ಮುಖವೇ ಟಿವಿಯಲ್ಲಿ ಕಾಣುತ್ತದೆ. ಸಂಗೀತ ಚೆನ್ನಾಗಿದೆ, ಕಂತಿನ ಕೊನೆಗೆ ಹಾಕುವ ರಾಕ್ ಹಾಡುಗಳು ನನಗೆ ಇಷ್ಟ, ಅಮ್ಮನಿಗೆ ತಲೆನೋವು. ಮೋರಾ ಪಾತ್ರದ ಎಮಿಲಿ ಬೀಚಮ್, ಕ್ಯಾಪ್ಟನ್ ಆಗಿ ಆಂಡ್ರಿಯಾಸ್ ಪೀಚ್‌ಮನ್, ಓಲೆಕ್ ಆಗಿ ಮಾಚೆಯ್ ಮುಶಿಯವ್, ಮೂವರೂ ಗಟ್ಟಿ. ನಡುವಿನ ಕಂತುಗಳು ಎಳೆದಾಡುತ್ತವೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಡಬ್ಬಿಂಗ್‌ನಲ್ಲಿ ನೋಡಿದರೆ ಎರಡು. ಅಮ್ಮ ನಾಲ್ಕೂವರೆ ಕೊಟ್ಟಿದ್ದಾಳೆ, ಅರ್ಧ ಕಡಿಮೆ ಮಾಡಿದ್ದು ಲೂಸಿಯೆನ್‌ಗೆ.

ನೋಡುವವರಿಗೆ ಒಂದು ಎಚ್ಚರಿಕೆ. ಮೂರು ಸೀಸನ್‌ಗೆ ಅಂತ ಯೋಚಿಸಿದ ಕತೆ ಇದು. 2023ರ ಜನವರಿಯಲ್ಲಿ, ಮೊದಲನೆಯದು ಬಂದು ಎರಡು ತಿಂಗಳೂ ಆಗುವ ಮುಂಚೆ, ನಿಲ್ಲಿಸಿಬಿಟ್ಟರು. ಎಂಟನೇ ಕಂತು ಮುಗಿಯುವುದು ದೊಡ್ಡ ಪ್ರಶ್ನೆಯೊಂದಿಗೆ, ಅದಕ್ಕೆ ಉತ್ತರ ಬರುವುದಿಲ್ಲ. ನನಗೆ ಅದು ನೋಡುವ ಮುಂಚೆಯೇ ಗೊತ್ತಿತ್ತು. ಅಮ್ಮನಿಗೆ ಹೇಳಿಲ್ಲ. ಓಲೆಕ್, ಲಿಂಗ್ ಯಿ ನಿದ್ದೆಯಿಂದ ಎದ್ದ ಮೇಲೆ ಮಾತಾಡಿಕೊಳ್ಳುತ್ತಾರಾ, ಅಲ್ಲೂ ಹೀಗೇನಾ ಅಂತ ಆಗಾಗ ಕೇಳುತ್ತಾಳೆ. ಇನ್ನೂ ಬಂದಿಲ್ಲ ಅಮ್ಮ, ಬಂದ ತಕ್ಷಣ ಹೇಳುತ್ತೇನೆ ಅಂದಿದ್ದೇನೆ.